ಕತ್ತರಿ ಎತ್ತುವ ಮುನ್ನ

ಜಯನಗರದ ಮನೆಯೊಂದರ ಪಡಸಾಲೆ. ಕಿಟಕಿಯ ಬಳಿಯ ಕುಂಡದಲ್ಲಿ ಮಾನ್‌ಸ್ಟೆರಾ ಗಿಡವು ಅಗಲವಾದ, ಸೀಳುಸೀಳಾದ ಎಲೆಗಳನ್ನು ಹರಡಿ ಮನೆಗೆ ಶೋಭೆ ತಂದಿದೆ. ಆದರೆ ಕಾಂಡದ ಗೆಣ್ಣುಗಳಿಂದ ಹೊರಟು ಜೋಲುತ್ತಿರುವ ಕಂದುಬಣ್ಣದ ಹುರಿಗಳು ಮಾತ್ರ ಗೃಹಿಣಿಯ ಕಣ್ಣಿಗೆ ಹಿಡಿಸವು. ರೋಗವೋ, ಹುಳುವಿನ ಕಾಟವೋ ಎಂಬ ಶಂಕೆ. ಕೈ ತಾನಾಗಿ ಕತ್ತರಿಯತ್ತ ಹೋಗುತ್ತದೆ. ಬನಶಂಕರಿಯಲ್ಲಾಗಲಿ, ಜೆ.ಪಿ. ನಗರದಲ್ಲಾಗಲಿ ಇಂಥ ದೃಶ್ಯ ಅಪರೂಪವೇನಲ್ಲ.

ಅದು ರೋಗವಲ್ಲ, ಬಿಳಲು. ಬಿಳಲಿನ ಮಹಿಮೆಯನ್ನು ತಿಳಿಯಲು ಬೆಂಗಳೂರಿಗರು ದೂರ ಹೋಗಬೇಕಾಗಿಲ್ಲ. ಮೈಸೂರು ರಸ್ತೆಯಿಂದ ಒಳಗೆ ಸರಿದರೆ ಕೇತೋಹಳ್ಳಿಯಲ್ಲಿ ದೊಡ್ಡ ಆಲದ ಮರವುಂಟು. ಸುಮಾರು 400 ವರ್ಷದ್ದೆಂದು ಅಂದಾಜು ಮಾಡಿರುವ ಈ ವೃಕ್ಷ ಸುಮಾರು 3 ಎಕರೆ ನೆಲವನ್ನು ವ್ಯಾಪಿಸಿದೆ. ಇದರ ತಾಯಿಕಾಂಡ ರೋಗಕ್ಕೆ ತುತ್ತಾಗಿ ಅಳಿದುಹೋಗಿ ಎಷ್ಟೋ ಕಾಲವಾಯಿತು. 2024ರ ಜೂನ್ ತಿಂಗಳ ಮಳೆಯಲ್ಲಿ ಒಂದು ಭಾಗ ಉರುಳಿಯೂ ಬಿದ್ದಿತು. ಆದರೂ ಮರ ಬದುಕಿದೆ! ಕೊಂಬೆಗಳಿಂದ ಇಳಿದ ಬಿಳಲುಗಳು ನೆಲ ಮುಟ್ಟಿ, ಬೇರೂರಿ, ತಾವೇ ಕಾಂಡಗಳಾಗಿ ನಿಂತಿವೆ. ಅವು ಎಳೆಯವಾಗಿದ್ದಾಗಲೇ ಯಾರಾದರೂ ಸವರಿಹಾಕಿದ್ದರೆ, ತಾಯಿಕಾಂಡದೊಡನೆ ಮರದ ಕಥೆಯೂ ಮುಗಿಯುತ್ತಿತ್ತು.

ಕುಂಡದ ಗಿಡಕ್ಕೂ ಬಿಳಲು ವ್ಯರ್ಥವಲ್ಲ. ಮಾನ್‌ಸ್ಟೆರಾದ ತವರು ದಕ್ಷಿಣ ಮೆಕ್ಸಿಕೋದಿಂದ ಪನಾಮಾದವರೆಗಿನ ಕಾಡು. ಅಲ್ಲಿ ಅದು ಹೆಮ್ಮರಗಳನ್ನು ತಬ್ಬಿ ಬೆಳಕಿನತ್ತ ಏರುತ್ತದೆ. ಕೆಲವು ಬೇರುಗಳು ತೊಗಟೆಯನ್ನು ಹಿಡಿದುಕೊಂಡರೆ, ಕೆಲವು ನೆಲಕ್ಕಿಳಿದು ನೀರು ಹೀರುತ್ತವೆ. ನಮ್ಮ ಮಲೆನಾಡಿನಲ್ಲಿ ಅಡಕೆಮರಕ್ಕೆ ಹಬ್ಬುವ ಮೆಣಸಿನ ಬಳ್ಳಿಯೂ ವೀಳ್ಯದೆಲೆಯ ಬಳ್ಳಿಯೂ ಗೆಣ್ಣುಗೆಣ್ಣಿನಲ್ಲಿ ಬೇರು ಬಿಟ್ಟೇ ಮೇಲೇರುವುದು. ಪಡಸಾಲೆಯಲ್ಲಿ ತಬ್ಬಲು ಮರವೆಲ್ಲಿ? ಆದುದರಿಂದ ಬೇರು ಗಾಳಿಯಲ್ಲಿ ತಡಕಾಡುತ್ತದೆ.

ಅದಕ್ಕೊಂದು ಆಸರೆ ಕೊಡುವುದೇ ಸರಿಯಾದ ಆರೈಕೆ. ಗಟ್ಟಿಯಾದ ಕೋಲಿಗೆ ತೆಂಗಿನ ನಾರನ್ನು ದಪ್ಪವಾಗಿ ಸುತ್ತಿ ಕುಂಡದ ನಡುವೆ ನೆಡಬೇಕು. ಕಾಂಡವನ್ನು ಅದಕ್ಕೆ ಸಡಿಲವಾಗಿ ಕಟ್ಟಬೇಕು. ಬೆಂಗಳೂರಿನ ಫೆಬ್ರವರಿ, ಮಾರ್ಚ್ ತಿಂಗಳ ಒಣಹವೆಯಲ್ಲಿ ನಾರಿನ ಮೇಲೆ ಬೆಳಗಿನ ಹೊತ್ತು ನೀರು ಚಿಮುಕಿಸಿದರೆ ಬೇರುಗಳು ಅದನ್ನು ಬೇಗ ಹಿಡಿಯುತ್ತವೆ. ಉದ್ದವಾದ ಬೇರನ್ನು ಮುರಿಯದಂತೆ ಬಾಗಿಸಿ ಕುಂಡದ ಮಣ್ಣಿಗೆ ಇಳಿಸಬಹುದು. ಮನಿ ಪ್ಲಾಂಟಿಗೂ ಇದೇ ಉಪಚಾರ ಸಲ್ಲುತ್ತದೆ. ಹಂಬು ತೀರ ಉದ್ದವಾದಾಗ ಬೇರಿರುವ ಗೆಣ್ಣಿನ ಕೆಳಗೆ ಕತ್ತರಿಸಿ ನೀರಿನಲ್ಲಿಟ್ಟರೆ ಹೊಸ ಗಿಡವೇ ಸಿದ್ಧ.

ಆರ್ಕಿಡ್ ಗಿಡದ ರೀತಿ ಬೇರೆ. ಮಲೆನಾಡಿನ ಸೀತಾಳೆಯಂತೆ ಮರದ ಮೇಲೆ ಬಾಳುವ ಆರ್ಕಿಡ್‌ಗಳ ಬೇರಿಗೆ ಸ್ಪಂಜಿನಂಥ ಹೊದಿಕೆಯಿರುತ್ತದೆ. ಒಣಗಿದಾಗ ಅದು ಬೆಳ್ಳಿಬಣ್ಣ. ನೀರು ಕುಡಿದಾಗ ಒಳಗಿನ ಹಸುರು ಹೊರಗೆ ತೋರುತ್ತದೆ. ಬೇರು ಬೆಳ್ಳಗಾಯಿತೆಂದರೆ ಗಿಡ ನೀರು ಕೇಳುತ್ತಿದೆಯೆಂದೇ ಅರ್ಥ. ಇದನ್ನು ಮಣ್ಣಿನಲ್ಲಿ ಹೂಳಿದರೆ ಉಸಿರುಗಟ್ಟಿ ಕೊಳೆಯುತ್ತದೆ. ಇದ್ದಿಲು, ಇಟ್ಟಿಗೆಯ ಚೂರುಗಳ ನಡುವೆ ಗಾಳಿಯಾಡುವಂತಿದ್ದರೆ ಒಳಿತು.

ಒಣಗಿ ಸತ್ತ ಬೇರನ್ನೋ, ಓಡಾಟಕ್ಕೆ ಅಡ್ಡಬಂದ ಒಂದೆರಡನ್ನೋ ಕತ್ತರಿಸಿದರೆ ಗಿಡವೇನೂ ಸಾಯದು. ಮಾನ್‌ಸ್ಟೆರಾದ ರಸ ತಗುಲಿದರೆ ಚರ್ಮ ತುರಿಸಬಹುದು, ಕೈಗವಸು ಇರಲಿ. ಉಳಿದ ಬಿಳಲುಗಳ ಗೊಡವೆ ಕತ್ತರಿಗೆ ಬೇಡ. ಅದಕ್ಕೆ ಬೇರೆ ಕೆಲಸವುಂಟು: ಕೋಲಿಗೆ ಸುತ್ತುವ ನಾರಿನ ಹಗ್ಗವನ್ನು ಅಳತೆಗೆ ಕತ್ತರಿಸುವುದು.