ಬರದ ಖರ್ಚು: ಲಕ್ಕುಂಡಿಯ ಬಾವಿಯಿಂದ ಹೊಲದ ಹೊಂಡದವರೆಗೆ

ಗದಗದಿಂದ ಕೊಪ್ಪಳದ ಹೆದ್ದಾರಿ ಹಿಡಿದು ಹನ್ನೆರಡು ಕಿಲೋಮೀಟರ್ ಹೋದರೆ ಲಕ್ಕುಂಡಿ. ಬರುವವರೆಲ್ಲ ಗುಡಿಗಳನ್ನು ನೋಡುತ್ತಾರೆ: ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿವಿಶ್ವೇಶ್ವರ, ನನ್ನೇಶ್ವರ. ಊರವರು ಮಾತ್ರ ಗುಡಿಯ ಜೊತೆ ಬಾವಿಯ ಲೆಕ್ಕವನ್ನೂ ಹೇಳುತ್ತಾರೆ. ನೂರೊಂದು ಗುಡಿ, ನೂರೊಂದು ಬಾವಿ. ಮಾಣಿಕೇಶ್ವರ ಗುಡಿಯ ಮುಂದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಮುಸುಕಿನ ಬಾವಿಯನ್ನು ಕಂಡವರಿಗೆ ಈ ಮಾತು ಬರೀ ಬಡಾಯಿ ಅನ್ನಿಸುವುದಿಲ್ಲ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾಗುವ, ಊರ ಮಗ್ಗುಲಲ್ಲಿ ಹೊಳೆಯೂ ಇಲ್ಲದ ಈ ಎರೆ ನೆಲದಲ್ಲಿ ಟಂಕಸಾಲೆಯಿದ್ದ ಪಟ್ಟಣವೊಂದು ಬಾಳಿತೆಂದರೆ, ಮಳೆ ಬಂದಾಗ ನೀರು ಕೂಡಿಡಲು ಯಾರೋ ಹಣ ಹಾಕಿದ್ದರು.

ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವುದು ಎಂದು ಇವತ್ತು ಸಮ್ಮೇಳನಗಳಲ್ಲಿ ಹೇಳುವ ಮಾತಿನ ಹುರುಳು ಇದೇ. ಖರ್ಚು ಯಾರದು, ಅದನ್ನು ಮಾಡುವುದು ಬರಕ್ಕೆ ಮುಂಚೆಯೋ ಆಮೇಲೋ? ಹಳೆಗಾಲದ ಕರ್ನಾಟಕದಲ್ಲಿ ಕೆರೆ ಬಾವಿ ಕಟ್ಟಿಸುವುದು ಪುಣ್ಯದ ಕೆಲಸ. ಅರಸರು, ದಂಡನಾಯಕರು, ವ್ಯಾಪಾರಿಗಳು ದಾನ ಕೊಟ್ಟರು. ಕಟ್ಟಿಸಿ ಕೈತೊಳೆದುಕೊಳ್ಳಲಿಲ್ಲ ಎಂಬುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಕೆರೆಯನ್ನು ನೋಡಿಕೊಳ್ಳುವವರಿಗೆ ಕಟ್ಟುಕೊಡಗೆ ಎಂದು ಭೂಮಿಯನ್ನೇ ಬಿಟ್ಟ ಶಾಸನಗಳು ನಮ್ಮಲ್ಲಿ ಹಲವು. ದುರಸ್ತಿಯ ಹಣ ಮೊದಲ ದಿನವೇ ಲೆಕ್ಕಕ್ಕೆ ಸೇರುತ್ತಿತ್ತು.

1876–78ರ ಬರಗಾಲದ ಹೊತ್ತಿಗೆ ಆ ಲೆಕ್ಕ ಹರಿದುಹೋಗಿತ್ತು. ಲಕ್ಕುಂಡಿ ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಸಾವು ನೋವು ಕಂಡ ಮೇಲೆ ಬ್ರಿಟಿಷ್ ಸರ್ಕಾರ 1880ರಲ್ಲಿ ಕ್ಷಾಮ ಆಯೋಗದ ವರದಿ ತರಿಸಿತು. 1883ರ ಭೂಸುಧಾರಣಾ ಸಾಲದ ಕಾಯ್ದೆಯಡಿ ಬಾವಿ ತೋಡಲು, ಒಡ್ಡು ಹಾಕಲು ತಕಾವಿ ಸಾಲ ಸಿಗತೊಡಗಿತು. ದಾನದ ಜಾಗಕ್ಕೆ ಸಾಲ ಬಂತು, ಭಾರ ಒಬ್ಬೊಬ್ಬ ರೈತನ ಹೆಗಲಿಗೆ ಬಿತ್ತು. ಅದನ್ನು ಹಂಚಿಕೊಳ್ಳುವ ದಾರಿ ತೋರಿಸಿದ್ದು ಇದೇ ಗದಗ ತಾಲ್ಲೂಕಿನ ಕಣಗಿನಹಾಳ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ 1905ರಲ್ಲಿ ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ದೇಶದ ಸಹಕಾರ ಚಳವಳಿಯ ಮೊದಲ ಸಂಘವೆಂದು ಅದಕ್ಕೆ ಹೆಸರು. 1942ರ ಮುಂಬಯಿ ಕಾಯ್ದೆ ಒಬ್ಬರ ಹೊಲ ಬಿಟ್ಟು ಇಡೀ ಪ್ರದೇಶಕ್ಕೆ ಒಡ್ಡಿನ ಯೋಜನೆ ಮಾಡಿತು. ಆಮೇಲೆ ಬೋರ್‌ವೆಲ್ ಬಂದು ನೀರು ಮತ್ತೆ ಅವರವರ ಅದೃಷ್ಟಕ್ಕೆ ಬಿತ್ತು.

2014ರಲ್ಲಿ ರಾಜ್ಯ ಸರ್ಕಾರ ಕೃಷಿಭಾಗ್ಯ ತಂದಿತು. ಹೊಲದಲ್ಲೇ ಹೊಂಡ, ಪಂಪ್‌ಸೆಟ್, ತುಂತುರು ಸಾಧನ; ಸಾಮಾನ್ಯ ವರ್ಗಕ್ಕೆ ಶೇ. 80, ಪರಿಶಿಷ್ಟರಿಗೆ ಶೇ. 90 ಸಹಾಯಧನ. ಲೆಕ್ಕ ಹಾಕಿ ನೋಡಿ. ಇಪ್ಪತ್ತೊಂದು ಮೀಟರ್ ಚೌಕ, ಮೂರು ಮೀಟರ್ ಆಳದ ಹೊಂಡ, ಬದಿ ಇಳಿಜಾರಾಗಿದ್ದರೆ, ಸುಮಾರು 10 ಲಕ್ಷ ಲೀಟರ್ ಹಿಡಿಯುತ್ತದೆ. ಒಂದು ಎಕರೆಗೆ 50 ಮಿಲಿಮೀಟರಿನಷ್ಟು ನೀರು ಕೊಡಲು 2 ಲಕ್ಷ ಲೀಟರ್ ಬೇಕು. ಆವಿಯಾಗಿ, ಇಂಗಿ ಹೋದದ್ದನ್ನು ಕಳೆದರೂ ಮೂರು ನಾಲ್ಕು ಎಕರೆ ಹೆಸರಿಗೆ ಒಂದು ಸಲ ನೀರು ಕೊಡಬಹುದು. ಹೆಸರು ಎರಡು ಚಿಲ್ಲರೆ ತಿಂಗಳ ಬೆಳೆ. ಹೂ ಕಾಯಿ ಕಟ್ಟುವಾಗ ಸಿಗುವ ಆ ಒಂದು ನೀರು ಫಸಲನ್ನೇ ಉಳಿಸಬಲ್ಲದು. ಹೊಂಡ ತಿನ್ನುವ ಜಾಗ ನಾಲ್ಕು ಗುಂಟೆಗಿಂತ ತುಸು ಹೆಚ್ಚು, ಏರಿ ಸೇರಿದರೆ ಇನ್ನೂ ಸ್ವಲ್ಪ. ಹತ್ತು ಎಕರೆಯವನಿಗೆ ಇದು ದೊಡ್ಡದಲ್ಲ, ಎರಡು ಎಕರೆಯವನಿಗೆ ದೊಡ್ಡದು.

ಈಗ ಇನ್ನೊಂದು ಲೆಕ್ಕ. 2023ರ ಆಗಸ್ಟ್ 1901ರಿಂದೀಚೆಗೆ ದೇಶದಲ್ಲೇ ಅತಿ ಒಣ ಆಗಸ್ಟ್. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ರಾಜ್ಯ ಕೇಂದ್ರದಿಂದ ಕೇಳಿದ್ದು 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟಿಗೆ ಹೋದ ಮೇಲೆ 2024ರ ಏಪ್ರಿಲ್‌ನಲ್ಲಿ ಬಂದದ್ದು ಸುಮಾರು 3,454 ಕೋಟಿ. ಮಳೆಯಾಶ್ರಿತ ಬೆಳೆಗೆ ಆಗ ಪರಿಹಾರದ ದರ ಇದ್ದದ್ದು ಹೆಕ್ಟೇರಿಗೆ 8,500, ಅಂದರೆ ಎಕರೆಗೆ ಸುಮಾರು 3,400 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ. ಬೆಳೆ ಒಣಗಿದ್ದು ಆಗಸ್ಟ್‌ನಲ್ಲಿ, ದಿಲ್ಲಿಯ ಹಣ ಬಂದದ್ದು ಮುಂದಿನ ಬೇಸಿಗೆಯಲ್ಲಿ. ನಡುವಿನ ತಿಂಗಳುಗಳಲ್ಲಿ ಸಾಲದ ಬಡ್ಡಿ ನಿಲ್ಲುವುದಿಲ್ಲ. 2016ರ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿ ಬೆಳೆಗೆ ರೈತನ ಕಂತು ಶೇ. 2 ಮಾತ್ರ, ಸೇರುವುದು ಬಿಡುವುದು 2020ರಿಂದ ರೈತನ ಇಚ್ಛೆ. ಆದರೆ ವಿಮೆ ಒಣಗಿದ ಬೆಳೆಗೆ ಹಣ ಕೊಡುತ್ತದೆಯೇ ಹೊರತು ಬೆಳೆ ಒಣಗದಂತೆ ಕಾಯುವುದಿಲ್ಲ.

ಆದ್ದರಿಂದ ನನ್ನ ಒಲವು ಮುಂಚಿನ ಖರ್ಚಿನ ಕಡೆಗೆ. ಮಳೆ ಈಗ ವಾರಗಟ್ಟಲೆ ಕಾಯಿಸಿ ಒಂದೇ ಸಲಕ್ಕೆ ಸುರಿಯುತ್ತಿದೆ. ಹಾಗೆ ಸುರಿದದ್ದು ಹಳ್ಳ ಸೇರುವ ಮೊದಲು ಹೊಲದಲ್ಲಿ ನಿಲ್ಲಬೇಕು. ಎರೆ ಮಣ್ಣಿನ ಹೊಂಡ ನೀರನ್ನು ಚೆನ್ನಾಗಿ ಹಿಡಿಯುತ್ತದೆ, ಕೊಚ್ಚಿ ಬಂದ ಮಣ್ಣನ್ನೂ ಅಷ್ಟೇ ಬೇಗ ತುಂಬಿಕೊಳ್ಳುತ್ತದೆ. ಹೂಳು ತೆಗೆಯದ ಹೊಂಡಕ್ಕೆ ಹಾಕಿದ ಸಹಾಯಧನ ಮಣ್ಣುಪಾಲು. ಬೇಲಿ ಇಲ್ಲದಿದ್ದರೆ ಮಕ್ಕಳ ಜೀವಕ್ಕೇ ಅಪಾಯ.

ಎರಡು ಎಕರೆಯವರು ಅಕ್ಕಪಕ್ಕದವರೊಡನೆ ಸೇರಿ ಒಂದು ಹೊಂಡ ತೋಡಿಕೊಳ್ಳಲು ಸಹಾಯಧನದಲ್ಲಿ ಅವಕಾಶ ಇರಲಿ. ತೋಡುವ ಹಣದ ಜೊತೆಗೇ ಹೂಳು ತೆಗೆಯುವ ಹಣವನ್ನೂ ಸರ್ಕಾರ ಕಟ್ಟಿಡಲಿ, ಅದರ ಲೆಕ್ಕವನ್ನು ಗ್ರಾಮಸಭೆ ವರ್ಷವರ್ಷ ಕೇಳಲಿ. ಈಗಾಗಲೇ ಹೊಂಡ ಇರುವ ರೈತರು ರೋಹಿಣಿ ಮಳೆಗೆ ಮುಂಚೆಯೇ ಒಮ್ಮೆ ಇಳಿದು ಹೂಳು ಎಷ್ಟು ಕೂತಿದೆ ನೋಡಿ, ಎತ್ತಿ ಹೊಲಕ್ಕೆ ಹರಡಿ.