ಗ್ಲಿನ್ ಹೌಸ್: ಉಸಿರಿನ ಲೆಕ್ಕ ಹಿಡಿದ ಮನೆ

ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ, ಬಾಡ್ಮಿನ್ ಊರಿನ ಬಳಿ ಗ್ಲಿನ್ ಹೌಸ್ ಎಂಬ ಹಳೆಯ ಬಂಗಲೆಯಿದೆ. ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿದ್ದ ಜೀವರಸಾಯನ ವಿಜ್ಞಾನಿ ಪೀಟರ್ ಮಿಚೆಲ್ ಹೊಟ್ಟೆಹುಣ್ಣಿನ ಕಾಟ ತಾಳದೆ 1963ರಲ್ಲಿ ಕೆಲಸ ಬಿಟ್ಟರು. ಮುಂದಿನ ಎರಡು ವರ್ಷ ಸಂಶೋಧನೆಯ ಗೊಡವೆಗೇ ಹೋಗದೆ, ತಾವೇ ಮೇಸ್ತ್ರಿಯಂತೆ ನಿಂತು ಈ ಬಂಗಲೆಯನ್ನು ರಿಪೇರಿ ಮಾಡಿಸಿದರು. ಅದರ ದೊಡ್ಡದೊಂದು ಭಾಗ ಪ್ರಯೋಗಾಲಯವಾಯಿತು. ಕೇಂಬ್ರಿಡ್ಜ್ ದಿನಗಳ ಸಹೋದ್ಯೋಗಿ ಜೆನಿಫರ್ ಮೊಯ್ಲ್ ಇಲ್ಲಿಗೂ ಬಂದರು. ಹೀಗೆ ಶುರುವಾದ ಸಂಶೋಧನಾ ಸಂಸ್ಥೆ ನಡೆಸಲು ಮೂಲಧನ ಕೊಟ್ಟವರು ಮಿಚೆಲ್ ಮತ್ತು ಅವರ ಅಣ್ಣ.

ಅವರ ಮುಂದಿದ್ದುದು ಉಸಿರಾಟದ ಒಗಟು. ಉಂಡ ಅನ್ನದಿಂದ ಕಿತ್ತ ಎಲೆಕ್ಟ್ರಾನುಗಳು, ಜೀವಕೋಶದೊಳಗಿನ ಪುಟ್ಟ ಅಂಗವಾದ ಮೈಟೊಕಾಂಡ್ರಿಯದ ಒಳಪೊರೆಯಲ್ಲಿ ಕೈಯಿಂದ ಕೈಗೆ ದಾಟಿ ಕೊನೆಗೆ ಆಮ್ಲಜನಕವನ್ನು ಸೇರುತ್ತವೆ. ಆ ಹಾದಿಯಲ್ಲಿ ಜೀವಕೋಶದ ಇಂಧನವಾದ ಎಟಿಪಿ ತಯಾರಾಗುತ್ತದೆ. ಇಷ್ಟು ಗೊತ್ತಿತ್ತು. ಇವೆರಡನ್ನು ಬೆಸೆಯುವ ರಾಸಾಯನಿಕ ಯಾವುದೆಂದು ಹುಡುಕಿ ಹುಡುಕಿ ಎಲ್ಲರೂ ದಣಿದಿದ್ದರು. ಅಂಥದ್ದೊಂದು ಇಲ್ಲವೇ ಇಲ್ಲ ಎಂದು 1961ರಲ್ಲೇ ಮಿಚೆಲ್ 'ನೇಚರ್' ಪತ್ರಿಕೆಯಲ್ಲಿ ಬರೆದಿದ್ದರು. ಎಲೆಕ್ಟ್ರಾನುಗಳ ಓಟ ಪ್ರೋಟಾನುಗಳನ್ನು ಪೊರೆಯ ಆಚೆಗೆ ತಳ್ಳುತ್ತದೆ. ಅವು ಮರಳಿ ನುಗ್ಗುವ ರಭಸದಲ್ಲಿ ಎಟಿಪಿ ಹುಟ್ಟುತ್ತದೆ ಎಂಬುದು ಅವರ ವಾದ.

ಗ್ಲಿನ್‌ನಲ್ಲಿ ಇದನ್ನು ಪರೀಕ್ಷಿಸಿದ ಬಗೆ ಬಹಳ ಸರಳ. ಇಲಿಯ ಯಕೃತ್ತಿನ ಮೈಟೊಕಾಂಡ್ರಿಯಗಳನ್ನು ಆಮ್ಲಜನಕವಿಲ್ಲದ ದ್ರವದಲ್ಲಿಟ್ಟು, ಚೂರೇ ಚೂರು ಆಮ್ಲಜನಕ ಕೊಟ್ಟು, ಆಮ್ಲೀಯತೆ ಅಳೆಯುವ ಪಿಎಚ್ ಮೀಟರಿನ ಮುಳ್ಳು ನೋಡುವುದು. ಹೊರಗಿನ ದ್ರವ ಥಟ್ಟನೆ ಆಮ್ಲೀಯವಾಗುತ್ತಿತ್ತು, ಅಂದರೆ ಪ್ರೋಟಾನುಗಳು ಹೊರಬರುತ್ತಿದ್ದವು; ಆಮೇಲೆ ನಿಧಾನವಾಗಿ ಮೊದಲಿನ ಸ್ಥಿತಿಗೆ ಬರುತ್ತಿತ್ತು. 1965ರಲ್ಲಿ ಮಿಚೆಲ್ ಮತ್ತು ಮೊಯ್ಲ್ ಈ ಅಳತೆಗಳನ್ನು ಪ್ರಕಟಿಸಿದರು.

ನನ್ನ ಮಟ್ಟಿಗೆ ಗ್ಲಿನ್‌ನ ಅತಿ ಸೊಗಸಾದ ಯೋಚನೆ 1975ರ 'ಕ್ಯೂ ಚಕ್ರ'. ಪೊರೆಯೊಳಗೆ ಈಜಾಡುವ ಕ್ವಿನೋನ್ ಎಂಬ ಪುಟ್ಟ ಅಣು ಎಲೆಕ್ಟ್ರಾನ್ ಪಡೆದಾಗ ಅದರ ಋಣ ವಿದ್ಯುದಂಶ ಪ್ರೋಟಾನನ್ನು ಸೆಳೆಯುತ್ತದೆ. ಎಲೆಕ್ಟ್ರಾನ್ ಬಿಟ್ಟುಕೊಟ್ಟರೆ ಪ್ರೋಟಾನಿಗೂ ಅಲ್ಲಿ ನೆಲೆಯಿಲ್ಲ. ಪಡೆಯುವುದು ಪೊರೆಯ ಒಳಬದಿಯಲ್ಲಿ, ಬಿಡುವುದು ಹೊರಬದಿಯಲ್ಲಿ. ಪ್ರೋಟಾನ್ ಆಚೆ ದಾಟಲು ಇಷ್ಟೇ ಸಾಕು! ಹೀಗೆ ಪೊರೆಯ ಎರಡು ಬದಿಗಳ ನಡುವೆ ಏಳುವ ವೋಲ್ಟೇಜು ಸುಮಾರು 150 ಮಿಲಿವೋಲ್ಟ್, ಟಾರ್ಚಿನ ಸೆಲ್ಲಿನ ಹತ್ತರಲ್ಲೊಂದು ಪಾಲು. ಆದರೆ ಪೊರೆಯ ದಪ್ಪ ಐದಾರು ನ್ಯಾನೊಮೀಟರ್ ಮಾತ್ರ. ಮೀಟರಿನ ಲೆಕ್ಕಕ್ಕೆ ತಂದರೆ ಅದು 3 ಕೋಟಿ ವೋಲ್ಟಿನ ಹತ್ತಿರ ಬರುತ್ತದೆ.

ಮಿಚೆಲ್‌ರ 1961ರ ವಾದವನ್ನು ಬಹಳ ಜನ ಒಪ್ಪಲಿಲ್ಲ, ವರ್ಷಗಟ್ಟಲೆ ಜಗಳ ನಡೆಯಿತು. 1966ರಲ್ಲಿ ಅಮೆರಿಕದ ಜಾಗೆಂಡಾರ್ಫ್ ಮತ್ತು ಉರಿಬೆ, ಬೆಳಕಿನ ಬಲದಿಂದ ಎಟಿಪಿ ತಯಾರಿಸುವ ಪಾಲಕ್ ಸೊಪ್ಪಿನ ಕ್ಲೋರೋಪ್ಲಾಸ್ಟುಗಳನ್ನು ಆಮ್ಲದಲ್ಲಿ ನೆನೆಸಿ ಕ್ಷಾರಕ್ಕೆ ಹಾಕಿದರು; ಪ್ರೋಟಾನುಗಳ ವ್ಯತ್ಯಾಸವೊಂದರಿಂದಲೇ ಕತ್ತಲಲ್ಲೂ ಎಟಿಪಿ ತಯಾರಾಯಿತು. 1978ರಲ್ಲಿ ಮಿಚೆಲ್‌ಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಹಾಗೆಂದು ಅವರ ಹಟಕ್ಕೂ ಕಡಿಮೆಯಿರಲಿಲ್ಲ. ಸೈಟೊಕ್ರೋಮ್ ಆಕ್ಸಿಡೇಸ್ ಎಂಬ ಕೊನೆಯ ಕಿಣ್ವವೂ ಪ್ರೋಟಾನ್ ತಳ್ಳುತ್ತದೆಂದು ಫಿನ್ಲೆಂಡಿನ ಮಾರ್ಟೆನ್ ವಿಕ್‌ಸ್ಟ್ರೋಮ್ 1977ರಲ್ಲಿ ತೋರಿಸಿದರೂ ಮಿಚೆಲ್ ಒಪ್ಪಿದ್ದು ವರ್ಷಗಳ ನಂತರ. 1992ರಲ್ಲಿ ಅವರು ತೀರಿಕೊಂಡರು. ಗ್ಲಿನ್‌ನ ಸಂಶೋಧನೆ ಮುಂದೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಸ್ಥಳಾಂತರವಾಯಿತು. ಗ್ಲಿನ್ ಹೆಸರಿನಲ್ಲೇ ಅಲ್ಲಿ ನಡೆದ ಪ್ರಯೋಗಾಲಯದ ಮುಖ್ಯ ವಿಷಯಗಳಲ್ಲೊಂದು ಇದೇ ಕಿಣ್ವ.