ಮೂರನೆಯ ಮನೆಯ ಜಗಲಿ

ನನ್ನ ಎಡದೋಳಿನ ಮೇಲೆ ಹಳೆಯ ನಾಲ್ಕಾಣೆಯಷ್ಟು ಅಗಲದ ಎರಡು ಗುರುತುಗಳಿವೆ. ಬಾಲ್ಯದಲ್ಲಿ ಸಿಡುಬಿನ ಲಸಿಕೆ ಹಾಕಿಸಿದಾಗ ಉಳಿದವು. ನಮ್ಮ ಕಡೆ ಅದಕ್ಕೆ ‘ದೇವಿ ಹಾಕಿಸುವುದು’ ಎನ್ನುತ್ತಿದ್ದರು. ರೋಗಕ್ಕೂ ದೇವಿಯ ಹೆಸರು, ಅದನ್ನು ತಡೆಯುವ ಮದ್ದಿಗೂ ದೇವಿಯದೇ ಹೆಸರು. ಭಾಷೆಯ ಪಾಠ ಹೇಳಿಯೇ ಬದುಕಿದ ನನಗೆ ಇದೊಂದು ಸ್ವಾರಸ್ಯ. ನನ್ನ ಮೊಮ್ಮಗಳ ತೋಳಿನಲ್ಲಿ ಆ ಗುರುತಿಲ್ಲ. ಏಕಿಲ್ಲ ಎಂಬುದೇ ಈ ಹೊತ್ತಿನ ನನ್ನ ಮಾತಿನ ವಿಷಯ.

ಅಂತರರಾಷ್ಟ್ರೀಯ ಸಂಸ್ಥೆಗಳೆಂದರೆ ಬರಿಯ ಮಾತಿನ ಮಂಟಪಗಳು ಎಂದು ಹಗುರವಾಗಿ ಆಡುವವರುಂಟು. ಅವುಗಳಿಗೆ ಸೈನ್ಯವಿಲ್ಲ, ಕೊಟ್ಟವರ ಹಣವೇ ಅವುಗಳ ಬೊಕ್ಕಸ ಎಂಬುದೇನೋ ನಿಜ. ಆದರೆ ಪರಸ್ಪರ ಮುಖ ನೋಡದ ಇಬ್ಬರು, ಯಾರೂ ಸೋತಂತಾಗದೆ, ಕೂಡಿ ಕುಳಿತುಕೊಳ್ಳಲು ಮೂರನೆಯ ಮನೆಯ ಜಗಲಿಯೊಂದು ಬೇಕಾಗುತ್ತದೆ. 1948ರಲ್ಲಿ ಸ್ಥಾಪಿತವಾದ ವಿಶ್ವ ಆರೋಗ್ಯ ಸಂಸ್ಥೆ ಅಂಥದೊಂದು ಜಗಲಿಯಾಯಿತು.

ಮರುವರ್ಷವೇ ಸೋವಿಯತ್ ಒಕ್ಕೂಟ ಮುನಿಸಿಕೊಂಡು ಅಲ್ಲಿಂದ ಎದ್ದುಹೋಗಿತ್ತು. ಮರಳಿ ಬಂದಮೇಲೆ, 1958ರಲ್ಲಿ, ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಕೂಡಿದ ಮಹಾಸಭೆಯಲ್ಲಿ ಅದರ ಪ್ರತಿನಿಧಿ ವಿಕ್ಟರ್ ಜ್ದಾನೊವ್ ಸಿಡುಬನ್ನು ಭೂಮಿಯಿಂದಲೇ ಅಳಿಸಬೇಕೆಂದು ಸೂಚಿಸಿದರು. ಅದಕ್ಕೆ ಅವರು ಉದ್ಧರಿಸಿದ್ದು, ಲಸಿಕೆಯನ್ನು ಬಳಕೆಗೆ ತಂದ ಜೆನ್ನರನಿಗೆ ಅಮೆರಿಕದ ಅಧ್ಯಕ್ಷ ಜೆಫರ್ಸನ್ 1806ರಲ್ಲಿ ಬರೆದ ಪತ್ರವನ್ನು. ಅತಿಥಿಯಾಗಿ ಹೋದವನು ಆತಿಥೇಯನ ಹಿರಿಯರ ಮಾತನ್ನೇ ಮುಂದಿಟ್ಟ ಈ ಸೌಜನ್ಯ, ಅಥವಾ ಜಾಣತನ, ನನಗೆ ಬಹಳ ಮೆಚ್ಚುಗೆಯಾದುದು.

ನಿರ್ಣಯವಾಯಿತು; ಸಾಕಷ್ಟು ಹಣ ಬರಲಿಲ್ಲ. 1967ರಲ್ಲಿ ಕಾರ್ಯ ತೀವ್ರಗೊಂಡಾಗ ವರ್ಷಕ್ಕೆ ಒಂದು ಕೋಟಿಗೂ ಮಿಗಿಲಾದ ಜನ ಈ ರೋಗಕ್ಕೆ ತುತ್ತಾಗುತ್ತಿದ್ದರೆಂದು ಅಂದಾಜು. ಕಾರ್ಯದ ಮುಂದಾಳು ಅಮೆರಿಕದ ಡಿ. ಎ. ಹೆಂಡರ್ಸನ್, ದಾನವಾಗಿ ಬಂದ ಲಸಿಕೆಯ ಬಹುಪಾಲು ಸೋವಿಯತ್ ಒಕ್ಕೂಟದ್ದು. ವಿಯೆಟ್ನಾಮಿನಲ್ಲಿ ಅಮೆರಿಕ ಕಾದುತ್ತಿದ್ದ, ಅದರ ಎದುರಾಳಿಗಳಿಗೆ ಸೋವಿಯತ್ ಒಕ್ಕೂಟ ಆಯುಧ ಒದಗಿಸುತ್ತಿದ್ದ ಕಾಲವದು. ಲಸಿಕೆ ಯಾರದೇ ಆಗಲಿ, ಅದರ ಗುಣವನ್ನು ಕೆನಡ ಮತ್ತು ನೆದರ್‌ಲೆಂಡ್ಸ್ ದೇಶಗಳ ಪ್ರಯೋಗಾಲಯಗಳು ಪರೀಕ್ಷಿಸುತ್ತಿದ್ದವು. ನನ್ನದು ಮೇಲು, ನಿನ್ನದು ಕೀಳು ಎಂಬ ಜಗಳಕ್ಕೆ ಅಲ್ಲಿ ಎಡೆಯಿರಲಿಲ್ಲ.

ಸಂಸ್ಥೆಯ ಇನ್ನೊಂದು ದೊಡ್ಡ ಕೆಲಸ, ಲೆಕ್ಕ ಕೇಳಿದ್ದು. ವ್ಯಾಪಾರಕ್ಕೆ ಧಕ್ಕೆಯಾದೀತೆಂದು ರೋಗವನ್ನು ಮುಚ್ಚಿಡುವುದು ಸರಕಾರಗಳ ಹಳೆಯ ಚಾಳಿ. ಈಗ ವಾರವಾರದ ವರದಿ ಬೇಕಾಯಿತು. ಎಲ್ಲರಿಗೂ ಚುಚ್ಚುವ ಬದಲು ರೋಗಿಯನ್ನು ಹುಡುಕಿ, ಅವನ ಸುತ್ತಲಿನವರಿಗೆ ಲಸಿಕೆ ಹಾಕಿ, ಬೆಂಕಿಗೆ ಬೇಲಿ ಕಟ್ಟಿದಂತೆ ಕಟ್ಟುವ ಉಪಾಯ ನೈಜೀರಿಯದಲ್ಲಿ ಹೊಳೆಯಿತು. 1974ರಲ್ಲಿ ಬಿಹಾರದಲ್ಲಿ ಸಿಡುಬು ಭೀಕರವಾಗಿ ಹಬ್ಬಿದಾಗ ನಮ್ಮ ಕಾರ್ಯಕರ್ತರು ಸಿಡುಬೆದ್ದ ಮಗುವಿನ ಚಿತ್ರ ಹಿಡಿದು ಮನೆಮನೆ ಅಲೆದರು. 1975ರ ಮೇ ತಿಂಗಳ ತರುವಾಯ ಭಾರತದಲ್ಲಿ ಅದು ಕಾಣಿಸಲಿಲ್ಲ. 1977ರಲ್ಲಿ ಇಥಿಯೋಪಿಯ, ಸೊಮಾಲಿಯಗಳ ನಡುವೆ ಯುದ್ಧ ನಡೆದಿದ್ದಾಗಲೂ ಹುಡುಕಾಟ ನಿಲ್ಲಲಿಲ್ಲ. ಆ ಅಕ್ಟೋಬರಿನಲ್ಲಿ ಸೊಮಾಲಿಯದ ಮೆರ್ಕಾದಲ್ಲಿ ಆಸ್ಪತ್ರೆಯ ಅಡುಗೆಯವನೊಬ್ಬನಿಗೆ ಸಿಡುಬು ತಗುಲಿತು, ಅವನು ಬದುಕಿಕೊಂಡ. ಮರುವರ್ಷ ಇಂಗ್ಲೆಂಡಿನಲ್ಲಿ ಆದ ಪ್ರಯೋಗಾಲಯದ ಅವಘಡವನ್ನು ಬಿಟ್ಟರೆ ಅದೇ ಕೊನೆ. 1980ರ ಮೇ 8ರಂದು ಮಹಾಸಭೆ ರೋಗಮುಕ್ತಿಯನ್ನು ಸಾರಿತು.

ಅಳಿದುಳಿದ ವೈರಾಣುವನ್ನು ಅಮೆರಿಕದ ಒಂದು, ರಷ್ಯದ ಒಂದು ಪ್ರಯೋಗಾಲಯದಲ್ಲಿ ಕಾದಿರಿಸಲಾಗಿದೆ. ಅದನ್ನು ಸುಟ್ಟುಹಾಕುವ ಮಾತು ಮತ್ತೆ ಮತ್ತೆ ಮುಂದಕ್ಕೆ ಹೋಗಿದೆ. 2025ರ ಜನವರಿಯಲ್ಲಿ ಈ ಸಂಸ್ಥೆಯನ್ನು ತೊರೆಯುವುದಾಗಿ ಅಮೆರಿಕ ಪ್ರಕಟಿಸಿದ ಸುದ್ದಿಯನ್ನು ಓದಿದ ಬೆಳಿಗ್ಗೆ ನನಗೆ ನೆನಪಾದದ್ದು ಜ್ದಾನೊವ್. 1949ರಲ್ಲಿ ಎದ್ದುಹೋದವರು ಜಗಲಿಗೆ ಮರಳಲು ಏಳೆಂಟು ವರ್ಷ ಹಿಡಿದಿತ್ತು.